ಎಚ್. ಪೈಲೋರಿ ಮತ್ತೆ ಪಾಸಿಟಿವ್ ಬಂತೇ? ಮುಂದಿನ ಕೋರ್ಸ್‌ಗೆ ಮೊದಲು ರೆಸಿಸ್ಟೆನ್ಸ್ ಟೆಸ್ಟ್ ಮಾಡಿಸುವ ಬಗೆ

“ಎಚ್. ಪೈಲೋರಿಗೆ ಎರಡು ಸಲ ಗುಳಿಗೆಗಳ ಕಿಟ್ ಮುಗಿಸಿದೆ. ಮತ್ತೆ ಪಾಸಿಟಿವ್ ಬಂದಿದೆ. ಈಗ ಮೂರನೇ ಸಲ ಗುಳಿಗೆ ಬರೆದುಕೊಟ್ಟಿದ್ದಾರೆ. ತಗೊಳ್ಳಲೋ ಬೇಡವೋ?” ಕಲಬುರಗಿ, ಸೇಡಂ, ಶಹಾಪುರ, ಹುಮನಾಬಾದ್ ಕಡೆಯ ಓದುಗರು ಕೇಳುತ್ತಿರುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಚಿಕ್ಕ ಉತ್ತರ ಹೀಗಿದೆ. ಮೂರನೇ ಕೋರ್ಸ್ ಶುರು ಮಾಡುವ ಮೊದಲು, ನಿಮ್ಮ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಪರೀಕ್ಷೆ ಮಾಡಿಸಬಹುದೇ ಅಂತ ಡಾಕ್ಟರನ್ನು ಕೇಳಿ. ಈ ಪರೀಕ್ಷೆ ಇದೆ ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ ತಪ್ಪು ಸಮಯದಲ್ಲಿ, ತಪ್ಪು ಡಬ್ಬಿಯಲ್ಲಿ ಸ್ಯಾಂಪಲ್ ಕೊಟ್ಟು ದುಡ್ಡು ಕಳೆದುಕೊಳ್ಳುತ್ತಾರೆ. ಈ ಬರಹ ಅದನ್ನು ತಪ್ಪಿಸಲಿಕ್ಕೆ. ಡಾಕ್ಟರ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಅವರ ಮುಂದೆ ಕುಳಿತಾಗ ಏನು ಕೇಳಬೇಕು ಎಂದು ತಿಳಿಯಲು ಓದಿ.

ಮೊದಲು ಇಷ್ಟು ತಿಳಿದಿರಲಿ

ಎಚ್. ಪೈಲೋರಿ, ಪೂರ್ತಿ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಜಠರದ ಒಳಪದರಿನಲ್ಲಿ ವಾಸ ಮಾಡುವ, ಸುರುಳಿ ಆಕಾರದ ಬ್ಯಾಕ್ಟೀರಿಯಾ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಲ್ಯಾಬಿನಲ್ಲಿ ಬೆಳೆಸಿ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಸಿಗುವವರೆಗೆ ಹೊಟ್ಟೆ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಅಂತಿದ್ದರು. ನಮ್ಮ ಕಡೆ ಈಗಲೂ ಮಿರ್ಚಿ ಭಜಿ ಮೇಲೇ ತಪ್ಪು ಹೊರಿಸುತ್ತೇವೆ, ಅಲ್ವಾ? ಖಾರದಿಂದ ಉರಿ ಜಾಸ್ತಿ ಆಗಬಹುದು. ಆದರೆ ಖಾರ ಬಿಟ್ಟರೆ ಈ ಬ್ಯಾಕ್ಟೀರಿಯಾ ಹೋಗುವುದಿಲ್ಲ.

ಇದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ, ಮನೆಯೊಳಗೇ ಅಂಟುತ್ತದೆ. ಇದ್ದವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಕೆಲವರಿಗೆ ಜಠರದ ಉರಿಯೂತ, ಹುಣ್ಣು, ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಇನ್ನೂ ಕೆಲವರಲ್ಲಿ, ವರ್ಷಗಟ್ಟಲೆ ಉಳಿದರೆ, ಜಠರದ ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿದೆ. ಹಾಗಾಗಿ ಚಿಕಿತ್ಸೆ ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡುವ ಸೋಂಕು ಇದಲ್ಲ.

ರೆಸಿಸ್ಟೆನ್ಸ್ ಅಂದರೆ ಬ್ಯಾಕ್ಟೀರಿಯಾ ಒಂದು ಆಂಟಿಬಯಾಟಿಕ್‌ಗೆ ಜಗ್ಗದೆ ಬದುಕುಳಿಯುವ ಶಕ್ತಿ. ನಿಮ್ಮ ದೇಹ ಔಷಧಿಗೆ ಒಗ್ಗಿಹೋಗಿದೆ ಅಂತ ಅರ್ಥವಲ್ಲ. ಬದಲಾಗಿರುವುದು ಬ್ಯಾಕ್ಟೀರಿಯಾ. ಮೂತ್ರದ ಸೋಂಕಿಗೆ ‘ಕಲ್ಚರ್ ಮತ್ತು ಸೆನ್ಸಿಟಿವಿಟಿ’ ಮಾಡಿಸುತ್ತೇವಲ್ಲ, ಇದೂ ಅದೇ ಜಾತಿಯ ಪರೀಕ್ಷೆ. ಸ್ಯಾಂಪಲ್ ಹೊಟ್ಟೆಯೊಳಗಿಂದ ಬರಬೇಕು, ಬ್ಯಾಕ್ಟೀರಿಯಾ ಬಹಳ ನಾಜೂಕು. ಅಷ್ಟೇ ವ್ಯತ್ಯಾಸ.

ನಮ್ಮ ದೇಶದಲ್ಲಿ ಇದು ಹೊಸ ಸಮಸ್ಯೆಯೇನಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಹೈದರಾಬಾದ್, ಚೆನ್ನೈ ಸೇರಿ ಹಲವು ನಗರಗಳ ಸ್ಯಾಂಪಲ್ ತೆಗೆದುಕೊಂಡಿದ್ದರು. ಈ ಸೋಂಕಿಗೆ ಕೊಡುವ ಆಂಟಿಬಯಾಟಿಕ್‌ಗಳ ಪೈಕಿ ಮೆಟ್ರೊನಿಡಜೋಲ್‌ಗೆ ಸುಮಾರು ಶೇ. 78, ಕ್ಲಾರಿಥ್ರೊಮೈಸಿನ್‌ಗೆ ಸುಮಾರು ಶೇ. 45 ಬ್ಯಾಕ್ಟೀರಿಯಾ ಜಗ್ಗಿರಲಿಲ್ಲ. ಒಂದು ಊರಿನಲ್ಲಿ ಕ್ಲಾರಿಥ್ರೊಮೈಸಿನ್ ರೆಸಿಸ್ಟೆನ್ಸ್ ಶೇ. 15 ದಾಟಿದರೆ ಅದನ್ನು ಪರೀಕ್ಷೆ ಇಲ್ಲದೆ ಕೊಡಬಾರದು ಎನ್ನುವುದು ಅಂತರರಾಷ್ಟ್ರೀಯ ಸಲಹೆ. ಶೇ. 45 ಮತ್ತು ಶೇ. 15, ಈ ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕ್ಲಾರಿಥ್ರೊಮೈಸಿನ್ ಇರುವ ಅದೇ ಕಿಟ್ ಎರಡನೇ ಸಲ ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಹೆಚ್ಚಿನವರ ಉತ್ತರ ಅಲ್ಲೇ ಇದೆ.

ಯಾರಿಗೆ ಬೇಕು, ಯಾರಿಗೆ ಸದ್ಯಕ್ಕೆ ಬೇಡ

ಎಲ್ಲರಿಗೂ ಮೊದಲ ದಿನವೇ ಈ ಪರೀಕ್ಷೆ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೊದಲ ಸಲ ಪಾಸಿಟಿವ್ ಬಂದವರಿಗೆ ಬಿಸ್ಮತ್ (ಬ್ಯಾಕ್ಟೀರಿಯಾ ಕೊಲ್ಲಲು ನೆರವಾಗುವ, ಆಂಟಿಬಯಾಟಿಕ್ ಅಲ್ಲದ ಔಷಧಿ) ಇರುವ ನಾಲ್ಕು ಔಷಧಿಗಳ ಕೋರ್ಸ್ ಅನ್ನು ಪೂರ್ತಿ 14 ದಿನ ಸರಿಯಾದ ಡೋಸಿನಲ್ಲಿ ಕೊಟ್ಟರೆ, ಪರೀಕ್ಷೆ ಇಲ್ಲದೆಯೂ ಒಳ್ಳೆ ಫಲ ಸಿಗುತ್ತದೆ. ಪರೀಕ್ಷೆಯ ಬಗ್ಗೆ ಗಟ್ಟಿಯಾಗಿ ಕೇಳಬೇಕಾದವರು ಇವರು:

– ಎರಡು ಕೋರ್ಸ್ ಮುಗಿಸಿದ ಮೇಲೂ ಸೋಂಕು ಉಳಿದವರು.
– ಒಂದೇ ಸಲ ಸೋತಿದ್ದರೂ ಪೆನಿಸಿಲಿನ್ ಅಲರ್ಜಿ ಇರುವವರು. ಇವರಿಗೆ ಉಳಿದಿರುವ ಔಷಧಿಗಳೇ ಕಡಿಮೆ.
– ಒಂದು ಸಲ ಸೋತು, ಈಗ ಹೇಗೂ ಎಂಡೋಸ್ಕೋಪಿ ಆಗಲಿರುವವರು. ಅದೇ ಸಲದಲ್ಲಿ ಜಠರದ ಒಳಪದರಿನ ಇನ್ನೆರಡು ಚೂರು ತೆಗೆದರೆ ಕೆಲಸ ಮುಗಿಯುತ್ತದೆ.
– ಹುಣ್ಣಿನಿಂದ ರಕ್ತ ಹೋಗಿದ್ದವರು, ತಂದೆ ತಾಯಿಗೋ ಒಡಹುಟ್ಟಿದವರಿಗೋ ಜಠರದ ಕ್ಯಾನ್ಸರ್ ಆಗಿದ್ದವರು. ಇವರಲ್ಲಿ ಸೋಂಕು ಉಳಿಯಬಾರದು.

ಹಂತ 1: ನಿಜವಾಗಿಯೂ ಸೋಂಕು ಉಳಿದಿದೆಯೇ ನೋಡಿ

ಎರಡು ಕೋರ್ಸ್ ಸೋತಿವೆ ಎಂದು ಬರುವವರಲ್ಲಿ ಕೆಲವರ ಕೈಯಲ್ಲಿರುವುದು ರಕ್ತ ಪರೀಕ್ಷೆಯ ರಿಪೋರ್ಟ್. ‘ಎಚ್. ಪೈಲೋರಿ ಐಜಿಜಿ ಪಾಸಿಟಿವ್’ ಎಂದಿರುತ್ತದೆ. ಐಜಿಜಿ ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ. ಬ್ಯಾಕ್ಟೀರಿಯಾ ಸತ್ತ ಮೇಲೂ ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಗುಣವಾದವರಿಗೂ ಪಾಸಿಟಿವ್ ಬರುತ್ತದೆ. ಆ ರಿಪೋರ್ಟ್ ಹಿಡಿದು ಮೂರನೇ ಕೋರ್ಸ್ ತೆಗೆದುಕೊಂಡರೆ, ಇಲ್ಲದ ರೋಗಕ್ಕೆ ಔಷಧಿ ನುಂಗಿದ ಹಾಗಾಗುತ್ತದೆ.

ಈಗ ಸೋಂಕು ಇದೆಯೇ ಎಂದು ಹೇಳುವ ಪರೀಕ್ಷೆಗಳು ಮೂರು. ಮಲದಲ್ಲಿ ಆಂಟಿಜೆನ್ ಪರೀಕ್ಷೆ, ಅಂದರೆ ಮಲದಲ್ಲಿ ಬ್ಯಾಕ್ಟೀರಿಯಾದ ತುಣುಕು ಹುಡುಕುವುದು. ಯೂರಿಯಾ ಉಸಿರು ಪರೀಕ್ಷೆ, ಅಂದರೆ ಒಂದು ದ್ರವವನ್ನೋ ಕ್ಯಾಪ್ಸೂಲನ್ನೋ ಕೊಟ್ಟು ಬಳಿಕ ಚೀಲಕ್ಕೆ ಊದಿಸುವುದು. ಮೂರನೆಯದು ಎಂಡೋಸ್ಕೋಪಿ. ಬಾಯಿಯಿಂದ ಕ್ಯಾಮೆರಾ ಇರುವ ಸಣ್ಣ ಪೈಪು ಇಳಿಸಿ, ಜಠರದ ಒಳಪದರಿನ ಚೂರು ತೆಗೆದು ನೋಡುವುದು. ಆ ಚೂರಿಗೆ ಬಯಾಪ್ಸಿ ಅನ್ನುತ್ತಾರೆ. ಬಯಾಪ್ಸಿ ಅಂದ ತಕ್ಷಣ ಕ್ಯಾನ್ಸರ್ ಎಂದು ಹೆದರಬೇಡಿ. ಇಲ್ಲಿ ಅದು ಬರೀ ಸ್ಯಾಂಪಲ್.

ಉಸಿರು ಪರೀಕ್ಷೆಯಲ್ಲಿ ಎರಡು ಬಗೆ ಇವೆ, ಸಿ-13 ಮತ್ತು ಸಿ-14. ಎರಡನೆಯದರಲ್ಲಿ ಬಹಳ ಸಣ್ಣ ಪ್ರಮಾಣದ ವಿಕಿರಣ ಇರುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ ಅದು ಬೇಡ.

ಉಸಿರು ಪರೀಕ್ಷೆಯಾಗಲಿ ಆಂಟಿಜೆನ್ ಪರೀಕ್ಷೆಯಾಗಲಿ ಸೋಂಕು ಇದೆ, ಇಲ್ಲ ಎಂದಷ್ಟೇ ಹೇಳುತ್ತವೆ. ರೆಸಿಸ್ಟೆನ್ಸ್ ಬಗ್ಗೆ ಏನೂ ಹೇಳುವುದಿಲ್ಲ.

ಹಂತ 2: ಹಳೆ ಚೀಟಿಗಳನ್ನು ಒಟ್ಟು ಮಾಡಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆದರೂ ಜನ ಬಿಟ್ಟುಬಿಡುವುದು ಇದನ್ನೇ. ನೀವು ಹಿಂದೆ ತೆಗೆದುಕೊಂಡ ಆಂಟಿಬಯಾಟಿಕ್‌ಗಳ ಪಟ್ಟಿ ಅರ್ಧ ರೆಸಿಸ್ಟೆನ್ಸ್ ಟೆಸ್ಟಿಗೆ ಸಮ ಅಂತಲೇ ನಾನು ಹೇಳುತ್ತೇನೆ.

ಹೊಟ್ಟೆಗೆ ತೆಗೆದುಕೊಂಡ ಕಿಟ್ ಅಷ್ಟೇ ಅಲ್ಲ, ಬೇರೆ ಕಾಯಿಲೆಗೆ ತೆಗೆದುಕೊಂಡದ್ದನ್ನೂ ಬರೆಯಿರಿ. ಗಂಟಲು ನೋವು, ಕೆಮ್ಮು ಎಂದು ಮೂರು ದಿನದ ಅಜಿಥ್ರೊಮೈಸಿನ್ ನುಂಗಿದ್ದೀರಾ? ಅದು ಕ್ಲಾರಿಥ್ರೊಮೈಸಿನ್‌ನ ಕುಟುಂಬದ್ದೇ. ಒಂದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಇನ್ನೊಂದಕ್ಕೂ ಜಗ್ಗುವುದಿಲ್ಲ. ಭೇದಿಯಾದಾಗ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಯಲ್ಲಿ ಹೆಚ್ಚಾಗಿ ಒಫ್ಲಾಕ್ಸಾಸಿನ್ ಮತ್ತು ಆರ್ನಿಡಜೋಲ್ ಎರಡೂ ಇರುತ್ತವೆ. ಒಫ್ಲಾಕ್ಸಾಸಿನ್, ಎಚ್. ಪೈಲೋರಿಗೆ ಕೊಡುವ ಇನ್ನೊಂದು ಆಂಟಿಬಯಾಟಿಕ್ ಆದ ಲೆವೊಫ್ಲಾಕ್ಸಾಸಿನ್‌ನ ಗುಂಪು. ಆರ್ನಿಡಜೋಲ್ ಮೆಟ್ರೊನಿಡಜೋಲ್‌ನ ಗುಂಪು. ಅಂದರೆ ಭೇದಿಗೆ ತೆಗೆದುಕೊಂಡ ಒಂದೇ ಬಗೆಯ ಗುಳಿಗೆಯಿಂದ ಹೊಟ್ಟೆಯ ಬ್ಯಾಕ್ಟೀರಿಯಾ ಎರಡು ಬಗೆಯ ಔಷಧಿಗೆ ಜಗ್ಗದೆ ನಿಲ್ಲುವುದನ್ನು ಕಲಿತಿರಬಹುದು.

ಚೀಟಿ ಸಿಗದಿದ್ದರೆ ಗುಳಿಗೆಯ ಖಾಲಿ ಸ್ಟ್ರಿಪ್ ಹುಡುಕಿ. ಅದೂ ಇಲ್ಲದಿದ್ದರೆ ನೀವು ಯಾವಾಗಲೂ ಹೋಗುವ ಅಂಗಡಿಯವರನ್ನು ಕೇಳಿ, ಬಿಲ್ ಕಂಪ್ಯೂಟರಿನಲ್ಲಿ ಇರಬಹುದು. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮೂಲ ಹೆಸರನ್ನು ಬರೆದುಕೊಳ್ಳಿ. ಸ್ಟ್ರಿಪ್ಪಿನ ಉದ್ದಕ್ಕೂ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ. ಆಂಟಿಬಯಾಟಿಕ್ ಸ್ಟ್ರಿಪ್ಪುಗಳ ಮೇಲೆ ಈ ಗೆರೆ ಇರುತ್ತದೆ. ಅದನ್ನು ಖಂಡಿತ ಪಟ್ಟಿಗೆ ಸೇರಿಸಿ.

ಎಷ್ಟು ದಿನ ತೆಗೆದುಕೊಂಡಿರಿ, ನಡುವೆ ಎಷ್ಟು ಡೋಸ್ ತಪ್ಪಿತು ಎನ್ನುವುದನ್ನೂ ಪ್ರಾಮಾಣಿಕವಾಗಿ ಬರೆಯಿರಿ. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಐದು ದಿನಕ್ಕೇ ನಿಲ್ಲಿಸಿದ್ದರೆ ಆ ಕೋರ್ಸ್ ಸೋತದ್ದಕ್ಕೆ ಅದೇ ಕಾರಣವಿರಬಹುದು. ಏಳೇ ದಿನದ ಕಿಟ್ ಕೊಟ್ಟಿದ್ದರೆ ಅದನ್ನೂ ಹೇಳಿ. ಈಗಿನ ಸಲಹೆ ಸಾಮಾನ್ಯವಾಗಿ 14 ದಿನ.

ಹಂತ 3: ಯಾವ ಬಗೆಯ ಪರೀಕ್ಷೆ ಎಂದು ಡಾಕ್ಟರ ಜೊತೆ ತೀರ್ಮಾನಿಸಿ

ದಾರಿ ಎರಡು.

ಒಂದು, ಕಲ್ಚರ್. ಬಯಾಪ್ಸಿ ಚೂರಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಜೀವಂತವಾಗಿ ಬೆಳೆಸಿ, ಒಂದೊಂದು ಆಂಟಿಬಯಾಟಿಕ್ ಹಾಕಿ ನೋಡುವುದು. ಎಲ್ಲ ಔಷಧಿಗಳ ಬಗ್ಗೆಯೂ ನೇರ ಉತ್ತರ ಸಿಗುತ್ತದೆ. ಆದರೆ ಈ ಬ್ಯಾಕ್ಟೀರಿಯಾ ಕಡಿಮೆ ಆಮ್ಲಜನಕದಲ್ಲಿ ಮಾತ್ರ ಬೆಳೆಯುತ್ತದೆ, ಅದೂ ನಿಧಾನವಾಗಿ. ರಿಪೋರ್ಟ್ ಬರಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಎಲ್ಲ ಲ್ಯಾಬಿನಲ್ಲೂ ಇದನ್ನು ಮಾಡುವುದಿಲ್ಲ.

ಇನ್ನೊಂದು, ಪಿಸಿಆರ್. ಕೋವಿಡ್ ಕಾಲದಿಂದ ಈ ಹೆಸರು ಎಲ್ಲರಿಗೂ ಗೊತ್ತು. ಬ್ಯಾಕ್ಟೀರಿಯಾದ ಜೀನಿನಲ್ಲಿ ರೆಸಿಸ್ಟೆನ್ಸ್ ತರುವ ಬದಲಾವಣೆ ಇದೆಯೇ ಎಂದು ಹುಡುಕುವುದು. ಕ್ಲಾರಿಥ್ರೊಮೈಸಿನ್ ಮತ್ತು ಲೆವೊಫ್ಲಾಕ್ಸಾಸಿನ್ ವಿಷಯದಲ್ಲಿ ಇದನ್ನು ನಂಬಬಹುದು. ಬ್ಯಾಕ್ಟೀರಿಯಾ ಜೀವಂತ ಇರಬೇಕೆಂದಿಲ್ಲ. ಹಾಗಾಗಿ ಸ್ಯಾಂಪಲ್ ಸಾಗಿಸುವುದು ಸುಲಭ, ಉತ್ತರವೂ ಬೇಗ. ಮಲದ ಸ್ಯಾಂಪಲ್‌ನಿಂದಲೂ ಮಾಡುವ ವಿಧಾನ ಇದೆ, ಆಗ ಎಂಡೋಸ್ಕೋಪಿಯೇ ಬೇಡ. ಮೆಟ್ರೊನಿಡಜೋಲ್ ವಿಷಯದಲ್ಲಿ ಮಾತ್ರ ಜೀನ್ ಪರೀಕ್ಷೆಯ ಉತ್ತರ ಗಟ್ಟಿಯಲ್ಲ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇರುವವರಿಗೆ ಪಿಸಿಆರ್ ದಾರಿಯೇ ಹೆಚ್ಚು ಅನುಕೂಲ ಎಂದು ನನಗನ್ನಿಸುತ್ತದೆ. ಕಾರಣ ಮುಂದಿನ ಹಂತಗಳಲ್ಲಿದೆ. ಎಂಡೋಸ್ಕೋಪಿ ಹೇಗೂ ಆಗುತ್ತಿದ್ದು, ಸ್ಯಾಂಪಲ್ ಅದೇ ದಿನ ಲ್ಯಾಬ್ ಸೇರುವುದಾದರೆ ಕಲ್ಚರ್ ಕೂಡ ಮಾಡಿಸಿ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತು. ನಿಮಗೆ ಹಿಂದೆ ಎಂಡೋಸ್ಕೋಪಿ ಆಗಿ, ಬಯಾಪ್ಸಿಯಲ್ಲಿ ಎಚ್. ಪೈಲೋರಿ ಕಂಡಿದ್ದರೆ, ಆ ಚೂರು ಮೇಣದ ಅಚ್ಚಿನಲ್ಲಿ ಪೆಥಾಲಜಿ ಲ್ಯಾಬಿನಲ್ಲೇ ಇರಬಹುದು. ಅದಕ್ಕೆ ಪ್ಯಾರಾಫಿನ್ ಬ್ಲಾಕ್ ಅನ್ನುತ್ತಾರೆ. ಜೀನ್ ಪರೀಕ್ಷೆಯನ್ನು ಆ ಬ್ಲಾಕಿನಿಂದಲೂ ಮಾಡಲು ಸಾಧ್ಯ. ಮತ್ತೊಮ್ಮೆ ಪೈಪು ಇಳಿಸಿಕೊಳ್ಳುವ ಮೊದಲು ಬ್ಲಾಕ್ ಇದೆಯೇ, ಕೊಡುತ್ತಾರೆಯೇ ಎಂದು ವಿಚಾರಿಸಿ. ಆ ಬಯಾಪ್ಸಿ ಆದಮೇಲೆ ನೀವು ಮತ್ತೊಂದು ಕೋರ್ಸ್ ತೆಗೆದುಕೊಂಡಿದ್ದರೆ ಮಾತ್ರ ಎಚ್ಚರ. ಬ್ಲಾಕ್ ಹೇಳುವುದು ಆ ಕೋರ್ಸಿಗೆ ಮೊದಲಿನ ಸ್ಥಿತಿಯನ್ನು.

ಹಂತ 4: ಲ್ಯಾಬ್ ಹುಡುಕಿ, ಫೋನಿನಲ್ಲೇ ಎಲ್ಲ ಕೇಳಿ

ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ. ಬಳಿಕ ಹತ್ತಿರದ ವೈದ್ಯಕೀಯ ಕಾಲೇಜಿನ ಮೈಕ್ರೋಬಯಾಲಜಿ ವಿಭಾಗದಲ್ಲಿ ವಿಚಾರಿಸಿ. ಕಲಬುರಗಿಯಲ್ಲಿ ಜಿಮ್ಸ್, ಇಎಸ್ಐಸಿ, ಎಂ.ಆರ್. ಮೆಡಿಕಲ್ ಕಾಲೇಜು ಇವೆ. ಬೀದರಿನಲ್ಲಿ ಬ್ರಿಮ್ಸ್ ಇದೆ, ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿ ಆಗದಿದ್ದರೆ ದೊಡ್ಡ ಖಾಸಗಿ ಲ್ಯಾಬುಗಳ ಸ್ಥಳೀಯ ಕಲೆಕ್ಷನ್ ಸೆಂಟರ್. ಅವರು ಸ್ಯಾಂಪಲ್ ತೆಗೆದುಕೊಂಡು ದೊಡ್ಡ ಊರಿನ ಮುಖ್ಯ ಲ್ಯಾಬಿಗೆ ಕಳಿಸುತ್ತಾರೆ. ಕೊನೆಗೆ ಹೈದರಾಬಾದ್. ನಮ್ಮ ಕಡೆಯವರು ಹೊಟ್ಟೆಯ ದೊಡ್ಡ ಚಿಕಿತ್ಸೆಗೆ ಹೇಗೂ ಅಲ್ಲಿಗೋ ಸೊಲ್ಲಾಪುರಕ್ಕೋ ರೈಲು ಹತ್ತುತ್ತಾರೆ.

ಹೋಗುವ ಮೊದಲೇ ಫೋನಿನಲ್ಲಿ ಇಷ್ಟು ಕೇಳಿ: ಎಚ್. ಪೈಲೋರಿಗೆ ಕಲ್ಚರ್ ಮಾಡುತ್ತೀರಾ, ಅಥವಾ ರೆಸಿಸ್ಟೆನ್ಸ್ ಪಿಸಿಆರ್ ಮಾಡುತ್ತೀರಾ? ಯಾವ ಯಾವ ಔಷಧಿಗಳ ಉತ್ತರ ಕೊಡುತ್ತೀರಿ? ಸ್ಯಾಂಪಲ್ ಯಾವುದು, ಯಾವ ಡಬ್ಬಿಯಲ್ಲಿ, ಎಷ್ಟು ತಂಪಿನಲ್ಲಿ, ಎಷ್ಟು ಗಂಟೆಯೊಳಗೆ ತಲುಪಬೇಕು? ವಾರದ ಯಾವ ದಿನ ತೆಗೆದುಕೊಳ್ಳುತ್ತೀರಿ? ಖರ್ಚೆಷ್ಟು?

ಇಲ್ಲೊಂದು ಗೊಂದಲ ಆಗುತ್ತದೆ. “ಎಚ್. ಪೈಲೋರಿ ಟೆಸ್ಟ್ ಇದೆಯಾ?” ಎಂದು ಕೇಳಿದರೆ ಎಲ್ಲರೂ “ಇದೆ” ಅನ್ನುತ್ತಾರೆ. ಅವರು ಹೇಳುತ್ತಿರುವುದು ರಕ್ತ ಪರೀಕ್ಷೆಯೋ ಆಂಟಿಜೆನ್ ಪರೀಕ್ಷೆಯೋ ಆಗಿರುತ್ತದೆ. “ಆಂಟಿಬಯಾಟಿಕ್ ರೆಸಿಸ್ಟೆನ್ಸ್ ಬರುತ್ತಾ?” ಎಂದು ಬಿಡಿಸಿ ಕೇಳಿ. ಪಿಸಿಆರ್ ಮಾಡುವವರಲ್ಲೂ ಕೆಲವರು ಬ್ಯಾಕ್ಟೀರಿಯಾ ಇದೆಯೇ ಎಂದಷ್ಟೇ ನೋಡುತ್ತಾರೆ.

ಬಿಪಿಎಲ್ ಕಾರ್ಡ್ ಇರುವವರು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ (ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರು) ಬಳಿ, ಎಂಡೋಸ್ಕೋಪಿಗೆ ಯಾವುದಾದರೂ ನೆರವು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಹಂತ 5: ಪರೀಕ್ಷೆಗೆ ಮೊದಲು ಕೆಲವು ಔಷಧಿ ನಿಲ್ಲಿಸಬೇಕು

ಹೆಚ್ಚಿನ ಪರೀಕ್ಷೆಗಳು ಕೆಡುವುದು ಇಲ್ಲೇ.

ಗ್ಯಾಸಿನ ಗುಳಿಗೆ ಎಂದು ನಾವು ದಿನಾ ಬೆಳಗ್ಗೆ ನುಂಗುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್, ಇಸೊಮೆಪ್ರಜೋಲ್ ಇವೆಲ್ಲ ಪಿಪಿಐ ಎಂಬ ಗುಂಪಿನವು. ಜಠರದಲ್ಲಿ ಆಸಿಡ್ ಕಡಿಮೆ ಮಾಡುತ್ತವೆ. ಗ್ಯಾಸಿನ ಗುಳಿಗೆಯ ಹೆಸರಿನ ಕೊನೆಗೆ ‘ಪ್ರಜೋಲ್’ ಇದ್ದರೆ ಆ ಗುಂಪಿನದು ಎಂದು ತಿಳಿಯಿರಿ. ಇವು ಬ್ಯಾಕ್ಟೀರಿಯಾದ ಸಂಖ್ಯೆಯನ್ನು ತಗ್ಗಿಸುತ್ತವೆ, ಕೊಲ್ಲುವುದಿಲ್ಲ. ಆಗ ಸೋಂಕು ಇದ್ದರೂ ನೆಗೆಟಿವ್ ಬರುತ್ತದೆ, ಕಲ್ಚರ್ ಬೆಳೆಯುವುದಿಲ್ಲ.

– ಪಿಪಿಐ: ಪರೀಕ್ಷೆಗೆ 2 ವಾರ ಮೊದಲು ನಿಲ್ಲಿಸಬೇಕು. ವೊನೊಪ್ರಜಾನ್ ಎಂಬ ಹೊಸ ಗುಳಿಗೆಗೂ ಇದೇ ಲೆಕ್ಕ.
– ಯಾವುದೇ ಆಂಟಿಬಯಾಟಿಕ್: 4 ವಾರ ಮೊದಲು. ಹಲ್ಲು ನೋವಿಗೆ, ಜ್ವರಕ್ಕೆ ತೆಗೆದುಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ.
– ಬಿಸ್ಮತ್: 4 ವಾರ ಮೊದಲು.

ಈ ಎರಡು ವಾರ ಉರಿ ತಡೆಯಲಾಗದಿದ್ದರೆ? ಆಂಟಾಸಿಡ್ ಸಿರಪ್ ಅಥವಾ ಫ್ಯಾಮೊಟಿಡಿನ್ ತೆಗೆದುಕೊಳ್ಳಬಹುದೇ ಎಂದು ಡಾಕ್ಟರನ್ನು ಕೇಳಿ. ಪಿಪಿಐನಷ್ಟು ಅಡ್ಡಿ ಅವು ಮಾಡುವುದಿಲ್ಲ.

ಎಚ್ಚರಿಕೆ: ಇತ್ತೀಚೆಗೆ ಹುಣ್ಣಿನಿಂದ ರಕ್ತ ಹೋಗಿದ್ದರೆ, ಹೃದಯಕ್ಕೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ರಕ್ತ ತೆಳುವಾಗಿಸುವ ಬೇರೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಕೀಲು ನೋವಿಗೆ ದಿನಾ ನೋವಿನ ಗುಳಿಗೆ ನುಂಗುತ್ತಿದ್ದರೆ, ಪಿಪಿಐಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಮತ್ತೆ ರಕ್ತ ಹೋಗುವ ಅಪಾಯವಿದೆ. ಡಾಕ್ಟರ್ ಬೇರೆ ದಾರಿ ಹೇಳುತ್ತಾರೆ. ಹೃದಯದ ಗುಳಿಗೆಗಳನ್ನಂತೂ ಯಾವ ಕಾರಣಕ್ಕೂ ಮುಟ್ಟಬೇಡಿ.

ಹಂತ 6: ಸ್ಯಾಂಪಲ್ ಕೊಡುವ ದಿನ

ಎಂಡೋಸ್ಕೋಪಿ ಖಾಲಿ ಹೊಟ್ಟೆಯಲ್ಲಿ ಆಗುತ್ತದೆ. ಸಾಮಾನ್ಯವಾಗಿ ಹಿಂದಿನ ರಾತ್ರಿ ಊಟದ ಮೇಲೆ ಏನೂ ತಿನ್ನಬಾರದು. ಕೆಲವೇ ನಿಮಿಷದ ಕೆಲಸ. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ. ಚೂರು ತೆಗೆಯುವಾಗ ನೋವಾಗುವುದಿಲ್ಲ.

ಒಳಗೆ ಹೋಗುವ ಮೊದಲೇ ಡಾಕ್ಟರಿಗೆ ಎರಡು ಮಾತು ನೆನಪಿಸಿ.

ಮೊದಲನೆಯದು, ಕಲ್ಚರಿಗೆ ಹೋಗುವ ಚೂರು ಫಾರ್ಮಲಿನ್ ಡಬ್ಬಿಗೆ ಬೀಳಬಾರದು. ಸಾಮಾನ್ಯ ಬಯಾಪ್ಸಿಗೆ, ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣ ಬೇಕು. ಅದರಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ಕಲ್ಚರ್ ಸಾಧ್ಯವಿಲ್ಲ. ಲ್ಯಾಬಿನವರು ಕೊಡುವ ಟ್ರಾನ್ಸ್‌ಪೋರ್ಟ್ ಮೀಡಿಯಂ, ಅಂದರೆ ಬ್ಯಾಕ್ಟೀರಿಯಾವನ್ನು ದಾರಿಯಲ್ಲಿ ಬದುಕಿಸಿಡುವ ದ್ರಾವಣ ಇರುವ ಶೀಶೆ, ಮೊದಲೇ ತಂದಿರಬೇಕು. ಎಂಡೋಸ್ಕೋಪಿ ಆದಮೇಲೆ ಶೀಶೆ ಹುಡುಕಲು ಹೋದರೆ ಪ್ರಯೋಜನವಿಲ್ಲ.

ಎರಡನೆಯದು, ಚೂರನ್ನು ಜಠರದ ಎರಡು ಜಾಗದಿಂದ ತೆಗೆಯಬೇಕು. ಕೆಳಭಾಗವಾದ ಆಂಟ್ರಮ್‌ನಿಂದ ಒಂದು, ನಡುಭಾಗವಾದ ಬಾಡಿಯಿಂದ ಒಂದು. ಒಬ್ಬರ ಹೊಟ್ಟೆಯಲ್ಲೇ ಒಂದು ಕಡೆ ಔಷಧಿಗೆ ಸಾಯುವ ಬ್ಯಾಕ್ಟೀರಿಯಾ, ಇನ್ನೊಂದು ಕಡೆ ಸಾಯದ ಬ್ಯಾಕ್ಟೀರಿಯಾ ಇರಬಹುದು.

ಇನ್ನು ಸಾಗಾಟ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಕಲ್ಚರ್ ಶೀಶೆಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ ಹತ್ತಿದರೆ ಊರು ಮುಟ್ಟುವಷ್ಟರಲ್ಲಿ ಬ್ಯಾಕ್ಟೀರಿಯಾ ಸತ್ತಿರುತ್ತದೆ. ಐಸ್ ಪ್ಯಾಕ್ ಇರುವ ಡಬ್ಬಿ ಬೇಕು. ಸುಮಾರು 4 ಡಿಗ್ರಿ ತಂಪಿನಲ್ಲಿ, 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಬೇಗ ಸೇರಿದಷ್ಟೂ ಒಳ್ಳೆಯದು. ಶೀಶೆ ಐಸಿಗೆ ನೇರ ತಾಗಿ ಹೆಪ್ಪುಗಟ್ಟಬಾರದು, ನಡುವೆ ಬಟ್ಟೆ ಇರಲಿ. ಶನಿವಾರ ಕಳಿಸಿ ಭಾನುವಾರ ರಜೆ ಎಂದು ಅಲ್ಲೇ ಬಿದ್ದಿರುವ ಸ್ಯಾಂಪಲ್ ವ್ಯರ್ಥ. ವಾರದ ಆರಂಭದಲ್ಲಿ ದಿನ ಗೊತ್ತುಮಾಡಿ. ಇಷ್ಟೆಲ್ಲ ರಗಳೆ ಇರುವುದರಿಂದಲೇ ನಾನು ಪಿಸಿಆರ್ ಕಡೆ ವಾಲಿದ್ದು. ಅಥವಾ ಎಂಡೋಸ್ಕೋಪಿಯನ್ನೇ ಕಲ್ಚರ್ ಮಾಡುವ ಆಸ್ಪತ್ರೆಯಲ್ಲಿ ಮಾಡಿಸಿ.

ಮಲದ ಸ್ಯಾಂಪಲ್ ಆದರೆ ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಕೊಡಿ, ನೀರು ಮೂತ್ರ ಬೆರೆಸಬೇಡಿ.

ಹಂತ 7: ರಿಪೋರ್ಟ್ ಓದುವುದು

ಕಲ್ಚರ್ ರಿಪೋರ್ಟಿನಲ್ಲಿ ಪ್ರತಿ ಔಷಧಿಯ ಮುಂದೆ ಒಂದು ಅಕ್ಷರ ಇರುತ್ತದೆ. ‘ಎಸ್’ ಎಂದರೆ ಔಷಧಿ ಕೆಲಸ ಮಾಡುತ್ತದೆ. ‘ಆರ್’ ಎಂದರೆ ಮಾಡುವುದಿಲ್ಲ. ಪಕ್ಕದಲ್ಲಿ ‘ಎಂಐಸಿ’ ಎಂಬ ಅಂಕಿ ಇರಬಹುದು. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಅತಿ ಕಡಿಮೆ ಔಷಧಿಯ ಪ್ರಮಾಣ ಅದು. ಒಂದು ಔಷಧಿಯ ಎಂಐಸಿಯನ್ನು ಇನ್ನೊಂದರ ಜೊತೆ ಹೋಲಿಸಿ ಯಾವುದು ಕಡಿಮೆ ಎಂದು ಆರಿಸಲು ಹೋಗಬೇಡಿ. ಪ್ರತಿ ಔಷಧಿಗೂ ಮಿತಿ ಬೇರೆ.

ಪಿಸಿಆರ್ ರಿಪೋರ್ಟಿನಲ್ಲಿ ‘23ಎಸ್’ ಜೀನಿನ ಹೆಸರು, ‘ಎ2143ಜಿ’, ‘ಎ2142ಜಿ’ ಎಂಬಂಥ ಗುರುತುಗಳು ಇರುತ್ತವೆ. ಅವು ಕಂಡಿವೆ ಎಂದು ಬರೆದಿದ್ದರೆ ಕ್ಲಾರಿಥ್ರೊಮೈಸಿನ್ ಕೆಲಸ ಮಾಡುವುದಿಲ್ಲ. ‘ಜೈರ್‌ಎ’ ಜೀನಿನಲ್ಲಿ ಬದಲಾವಣೆ ಇದೆ ಎಂದರೆ ಲೆವೊಫ್ಲಾಕ್ಸಾಸಿನ್ ಹೋಯಿತು.

ಈಗ ಒಂದೊಂದೇ ಔಷಧಿ.

ಕ್ಲಾರಿಥ್ರೊಮೈಸಿನ್, ಲೆವೊಫ್ಲಾಕ್ಸಾಸಿನ್: ಇಲ್ಲಿ ‘ಆರ್’ ಎಂದರೆ ಮುಗಿಯಿತು. ಡೋಸ್ ಜಾಸ್ತಿ ಮಾಡಿದರೂ, ದಿನ ಹೆಚ್ಚಿಸಿದರೂ ಗೆಲ್ಲುವುದಿಲ್ಲ. ಆ ಹೆಸರು ಇರುವ ಯಾವ ಕಿಟ್ಟನ್ನೂ ಮುಟ್ಟುವಂತಿಲ್ಲ.

ಮೆಟ್ರೊನಿಡಜೋಲ್: ‘ಆರ್’ ಬಂದಿದೆ ಎಂದು ಗಾಬರಿ ಬೇಡ. ಲ್ಯಾಬಿನ ತಟ್ಟೆಯಲ್ಲಿ ಸೋತ ಮೆಟ್ರೊನಿಡಜೋಲ್, ಬಿಸ್ಮತ್ ಜೊತೆ, ಹೆಚ್ಚಿನ ಡೋಸಿನಲ್ಲಿ, 14 ದಿನ ಕೊಟ್ಟಾಗ ಹೊಟ್ಟೆಯೊಳಗೆ ಎಷ್ಟೋ ಸಲ ಗೆಲ್ಲುತ್ತದೆ. ಹಾಗಾಗಿ ‘ಆರ್’ ಇದ್ದರೂ ಡಾಕ್ಟರ್ ಇದನ್ನು ಬರೆದರೆ ರಿಪೋರ್ಟ್ ಓದಿಲ್ಲ ಎಂದು ತಿಳಿಯಬೇಡಿ. ನಮ್ಮ ಓದುಗರು ಹೆಚ್ಚು ಜಗಳ ಆಡಿಕೊಳ್ಳುವುದು ಈ ಒಂದು ಸಾಲಿನ ಮೇಲೆ. ಅದಕ್ಕೇ ಇಷ್ಟು ಒತ್ತಿ ಬರೆದೆ.

ಟೆಟ್ರಾಸೈಕ್ಲಿನ್: ಇದಕ್ಕೆ ರೆಸಿಸ್ಟೆನ್ಸ್ ಅಪರೂಪ. ಹೆಚ್ಚಾಗಿ ‘ಎಸ್’ ಬರುತ್ತದೆ.

ಅಮಾಕ್ಸಿಸಿಲಿನ್: ಪೆನಿಸಿಲಿನ್ ಕುಟುಂಬದ್ದು. ಜಗತ್ತಿನ ಹೆಚ್ಚಿನ ಕಡೆ ಇದಕ್ಕೂ ರೆಸಿಸ್ಟೆನ್ಸ್ ಕಡಿಮೆ. ಮೇಲೆ ಹೇಳಿದ 2003ರ ಅಧ್ಯಯನದಲ್ಲಿ ಮಾತ್ರ ಅದು ಸುಮಾರು ಶೇ. 33 ಇತ್ತು. ಹಾಗಾಗಿ ಕಲ್ಚರ್ ಮಾಡಿಸುವವರು ಈ ಸಾಲನ್ನು ಹಾರಿಸಬೇಡಿ.

ರಿಫಾಬುಟಿನ್: ಎಲ್ಲವೂ ಸೋತಾಗ ಬಳಸುವ ಔಷಧಿ. ಇದು ಕ್ಷಯ ರೋಗಕ್ಕೆ ಕೊಡುವ ರಿಫಾಂಪಿಸಿನ್‌ನ ಕುಟುಂಬದ್ದು. ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ, ಮೊದಲೇ ಹೇಳಿಬಿಡಿ. ಒಳಗೆ ಟಿಬಿ ಇದ್ದು ಈ ಔಷಧಿ ಕೊಟ್ಟರೆ ಟಿಬಿಯ ಬ್ಯಾಕ್ಟೀರಿಯಾವೂ ಔಷಧಿಗೆ ಜಗ್ಗದಂತಾಗಬಹುದು. ಲೆವೊಫ್ಲಾಕ್ಸಾಸಿನ್ ವಿಷಯದಲ್ಲೂ ಈ ಎಚ್ಚರ ಬೇಕು.

‘ಬೆಳೆಯಲಿಲ್ಲ’ ಎಂದು ರಿಪೋರ್ಟ್ ಬಂದರೆ ಸೋಂಕು ಹೋಗಿದೆ ಎಂದಲ್ಲ. ಸ್ಯಾಂಪಲ್ ದಾರಿಯಲ್ಲಿ ಕೆಟ್ಟಿರಬಹುದು, ಪಿಪಿಐ ನಿಲ್ಲಿಸಿರಲಿಕ್ಕಿಲ್ಲ. ಅಂಥಾಗ ಅದೇ ಚೂರಿನಿಂದ ಪಿಸಿಆರ್ ಆಗುತ್ತದೆಯೇ ಎಂದು ಕೇಳಿ.

ಹಂತ 8: ರಿಪೋರ್ಟ್ ನೋಡಿ ಬರೆದ ಕೋರ್ಸನ್ನು ಪೂರ್ತಿ ಮುಗಿಸಿ

ಕ್ಲಾರಿಥ್ರೊಮೈಸಿನ್ ‘ಎಸ್’ ಬಂದರೆ ಅದರ ಜೊತೆ ಅಮಾಕ್ಸಿಸಿಲಿನ್ ಮತ್ತು ಪಿಪಿಐ ಕೊಡಬಹುದು. ಅದಕ್ಕೂ ಲೆವೊಫ್ಲಾಕ್ಸಾಸಿನ್‌ಗೂ ‘ಆರ್’ ಬಂದು, ನೀವು ಇನ್ನೂ ಬಿಸ್ಮತ್ ಕೋರ್ಸ್ ತೆಗೆದುಕೊಂಡಿಲ್ಲದಿದ್ದರೆ ಹೆಚ್ಚಾಗಿ ಅದನ್ನೇ ಬರೆಯುತ್ತಾರೆ: ಪಿಪಿಐ ದಿನಕ್ಕೆ ಎರಡು ಸಲ, ಬಿಸ್ಮತ್ ನಾಲ್ಕು ಸಲ, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ ನಾಲ್ಕು ಸಲ, ಮೆಟ್ರೊನಿಡಜೋಲ್ ಮೂರರಿಂದ ನಾಲ್ಕು ಸಲ. ಅಮಾಕ್ಸಿಸಿಲಿನ್ ಒಂದನ್ನೇ ದೊಡ್ಡ ಡೋಸಿನಲ್ಲಿ, ಬಲವಾದ ಆಸಿಡ್ ತಡೆಯುವ ಗುಳಿಗೆಯ ಜೊತೆ ಕೊಡುವ ಪದ್ಧತಿಯೂ ಇದೆ. ಯಾವುದು ನಿಮಗೆ ಸರಿ ಎನ್ನುವುದನ್ನು ಮೂತ್ರಪಿಂಡ, ಹೃದಯ, ಅಲರ್ಜಿ, ಬೇರೆ ಗುಳಿಗೆಗಳನ್ನು ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ.

ಟೆಟ್ರಾಸೈಕ್ಲಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. “ಅದೇ ತರದ್ದು” ಎಂದು ಡಾಕ್ಸಿಸೈಕ್ಲಿನ್ ಕೊಟ್ಟರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಹೊಟ್ಟೆಯ ಈ ಸೋಂಕಿಗೆ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಎರಡು ದಿನ ತಡವಾದರೂ ಸರಿಯಾದದ್ದನ್ನೇ ತರಿಸಿ. ನಾಲ್ಕೂ ಔಷಧಿ 14 ದಿನಕ್ಕೆ ಸಾಕಾಗುವಷ್ಟು ಕೈಗೆ ಬಂದ ಮೇಲೆ ಶುರು ಮಾಡಿ.

ಪಿಪಿಐ ಊಟಕ್ಕೆ ಅರ್ಧ ಗಂಟೆ ಮೊದಲು. ಟೆಟ್ರಾಸೈಕ್ಲಿನ್ ನುಂಗುವ ಹೊತ್ತಿಗೆ ಹಾಲು, ಮೊಸರು, ಕಬ್ಬಿಣದ ಗುಳಿಗೆ ಬೇಡ, ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ರೊಟ್ಟಿ ಜೊತೆ ಗಟ್ಟಿ ಮೊಸರು ಬೇಕೇ ಬೇಕು ಅನ್ನುವವರು ನಡುವೆ ಎರಡು ಗಂಟೆ ಬಿಡಿ. ಮೆಟ್ರೊನಿಡಜೋಲ್ ಇರುವಷ್ಟು ದಿನ, ಮುಗಿದ ಮೇಲೂ ಮೂರು ದಿನ, ಮದ್ಯ ಮುಟ್ಟಬೇಡಿ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಅನ್ನಿಸುತ್ತದೆ, ವಾಕರಿಕೆ ಬರಬಹುದು. ತಡೆಯಲಾಗದಿದ್ದರೆ ನಿಲ್ಲಿಸುವ ಮೊದಲು ಡಾಕ್ಟರಿಗೆ ಹೇಳಿ, ವಾಕರಿಕೆಗೆ ಔಷಧಿ ಇದೆ. ಮೈಮೇಲೆ ದದ್ದು, ಮುಖ ಊತ, ಉಸಿರಾಟಕ್ಕೆ ತೊಂದರೆ ಆದರೆ ಮಾತ್ರ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಬಿಸ್ಮತ್‌ನಿಂದ ಮಲ, ನಾಲಿಗೆ ಕಪ್ಪಾಗುತ್ತವೆ. ಅದಕ್ಕೆ ಹೆದರಬೇಕಿಲ್ಲ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ, ತಲೆ ಸುತ್ತಿದರೆ, ವಾಂತಿಯಲ್ಲಿ ರಕ್ತ ಕಂಡರೆ ಅದು ಒಳಗೆ ರಕ್ತ ಹೋಗುತ್ತಿರುವ ಲಕ್ಷಣ. ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ.

ಹಂತ 9: ಹೋಯಿತೇ ಎಂದು ಮತ್ತೆ ಪರೀಕ್ಷೆ

ಉರಿ ಕಡಿಮೆಯಾಯಿತು ಎಂದರೆ ಬ್ಯಾಕ್ಟೀರಿಯಾ ಸತ್ತಿದೆ ಎಂದಲ್ಲ. ಉರಿ ಉಳಿದಿದೆ ಎಂದರೆ ಬ್ಯಾಕ್ಟೀರಿಯಾ ಉಳಿದಿದೆ ಎಂದೂ ಅಲ್ಲ. ಕೋರ್ಸ್ ಮುಗಿದು ಕನಿಷ್ಠ 4 ವಾರ ಆದಮೇಲೆ, ಪಿಪಿಐ ನಿಲ್ಲಿಸಿ 2 ವಾರ ಕಳೆದ ಮೇಲೆ, ಉಸಿರು ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಮಾಡಿಸಿ. ರಕ್ತ ಪರೀಕ್ಷೆ ಬೇಡ, ಕಾರಣ ಮೊದಲ ಹಂತದಲ್ಲೇ ಹೇಳಿದ್ದೇನೆ. ಕೋರ್ಸ್ ಮುಗಿದ ಮರುವಾರವೇ ಮಾಡಿಸಿದ ಪರೀಕ್ಷೆ ನೆಗೆಟಿವ್ ಬಂದರೂ ನಂಬುವಂತಿಲ್ಲ. ಅರೆಜೀವವಾಗಿ ಅಡಗಿದ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ಸಮಯ ಬೇಕು.

ಮತ್ತೆ ಪಾಸಿಟಿವ್ ಬಂದರೆ ಹಳೆ ರೆಸಿಸ್ಟೆನ್ಸ್ ರಿಪೋರ್ಟ್, ಈಗ ಮುಗಿಸಿದ ಕೋರ್ಸಿನ ಚೀಟಿ ಎರಡನ್ನೂ ತೆಗೆದುಕೊಂಡು ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ ಕರುಳಿನ ತಜ್ಞರನ್ನೇ ಕಾಣಿ. ಒಮ್ಮೆ ‘ಆರ್’ ಬಂದ ಕ್ಲಾರಿಥ್ರೊಮೈಸಿನ್, ಲೆವೊಫ್ಲಾಕ್ಸಾಸಿನ್ ವರ್ಷ ಕಳೆದರೂ ‘ಆರ್’ ಎಂದೇ ಲೆಕ್ಕ. ಆ ರಿಪೋರ್ಟಿನ ಫೋಟೋ ಮೊಬೈಲಿನಲ್ಲಿರಲಿ. ನೆಗೆಟಿವ್ ಬಂದರೆ, ಮನೆಯಲ್ಲಿ ಹೊಟ್ಟೆ ಹುಣ್ಣು, ದೀರ್ಘಕಾಲದ ಅಜೀರ್ಣ ಅಥವಾ ಕಾರಣ ತಿಳಿಯದ ರಕ್ತಹೀನತೆ ಇರುವ ದೊಡ್ಡವರು ಯಾರಾದರೂ ಇದ್ದಾರೆಯೇ ನೋಡಿ, ಅವರಿಗೂ ಆಂಟಿಜೆನ್ ಪರೀಕ್ಷೆ ಮಾಡಿಸಿ. ಅವರಿಗೆ ಪಾಸಿಟಿವ್ ಬಂದರೆ ನಿಮ್ಮ ಚೀಟಿ ತೋರಿಸಿ ಅದೇ ಗುಳಿಗೆ ತಂದುಕೊಡಬೇಡಿ. ನಿಮ್ಮ ರೆಸಿಸ್ಟೆನ್ಸ್ ರಿಪೋರ್ಟನ್ನು ಅವರ ಡಾಕ್ಟರಿಗೆ ತೋರಿಸಿ. ಒಂದೇ ಮನೆಯಲ್ಲಿ ಹರಡಿದ ಬ್ಯಾಕ್ಟೀರಿಯಾ ಒಂದೇ ಬಗೆಯದಾಗಿರುವ ಸಾಧ್ಯತೆ ಇದೆ.